ಹಪ್ಪಳದ ತಾರಸಿಗೆ ಸೋಲಾರ್ ಬಂದ ಬೇಸಿಗೆ

ಮೊನ್ನೆ ಬೈಂದೂರಿನಲ್ಲಿ ಸಂಬಂಧಿಕರ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಮೊದಲು ಮನೆಯ ಯಜಮಾನರು ಬಂದವರನ್ನೆಲ್ಲ ತಾರಸಿಗೆ ಹತ್ತಿಸಿದರು. ಈ ಅಂಚಿನಿಂದ ಆ ಅಂಚಿನವರೆಗೂ ಸೋಲಾರ್ ಪ್ಯಾನೆಲ್. ಕಾಲಿಡಲು ಉಳಿದದ್ದು ಗೋಡೆಯ ಬದಿಯ ಒಂದು ಓಣಿ ಮಾತ್ರ. "ತಾರ್ಸಿ ಖಾಲಿ ಬಿಡುದೆಂತಕೆ ಅಂದೇಳಿ ಪೂರಾ ಹಾಕ್ಸಿಬಿಟ್ಟೆ" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಹಿತ್ತಿಲಿನಿಂದ ಹಲಸಿನ ಸೊಳೆ ಬೇಯುವ ವಾಸನೆ ಬಂತು. ಯಾರೋ ಹಪ್ಪಳಕ್ಕೆ ಇಟ್ಟಿದ್ದರು. ಇವರು ಎಲ್ಲಿ ಒಣಗಿಸುತ್ತಾರೆ ಎಂದು ಬಗ್ಗಿ ನೋಡಿದೆ. ತೆಂಗಿನ ನೆರಳು ಬಿಟ್ಟರೆ ಅಲ್ಲಿ ಏನೂ ಕಾಣಲಿಲ್ಲ.

'ಖಾಲಿ' ಎಂಬ ಆ ಒಂದು ಮಾತಿಗೆ ಕಳೆದ ಬೇಸಿಗೆಯ ಸಿಟ್ಟೆಲ್ಲ ಒಮ್ಮೆಲೇ ತಲೆಗೇರಿತು. ಊಟಕ್ಕೆ ಕುಳಿತಾಗ ಹೋಳಿಗೆ ಬಡಿಸಲು ಬಂದವಳಿಗೆ ನಾನು "ಸಾಕು" ಎಂದದ್ದು ಗದರಿದ ಹಾಗೆ ಕೇಳಿಸಿರಬೇಕು. ಅವಳು ತುಪ್ಪವನ್ನೂ ಹಾಕದೆ ಮುಂದಿನ ಎಲೆಗೆ ಹೋದಳು.

ನಮ್ಮ ಮನೆ ಸಾಸ್ತಾನದಲ್ಲಿ, ಹೆದ್ದಾರಿಯಿಂದ ಪಡುವಣಕ್ಕೆ ಇಳಿಯುವ ದಾರಿಯಲ್ಲಿದೆ. ನಾನು ಸರಕಾರಿ ಆಸ್ಪತ್ರೆಗೆ ನರ್ಸ್ ಆಗಿ ಸೇರಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಹೇಳಿದ ಹೊತ್ತಿಗೆ ಮದ್ದು, ಹೇಳಿದ ಹೊತ್ತಿಗೆ ಹಾಸಿಗೆ ಬದಲಾವಣೆ, ಡ್ಯೂಟಿ ಮುಗಿದಾಗ ಮುಂದಿನ ಪಾಳಿಗೆ ಬಂದವರಿಗೆ ಪ್ರತಿಯೊಬ್ಬ ರೋಗಿಯ ಸ್ಥಿತಿ ತಿಳಿಸಿಯೇ ಹೊರಡುವುದು. ಆ ಶಿಸ್ತು ಮನೆಗೂ ಬಂದಿದೆ, ಅದರ ಬಗ್ಗೆ ಮನೆಯವರ ದೂರೂ ಇದೆ. ಕೆಳಗಿನ ಅಂತಸ್ತಿನಲ್ಲಿ ನಾನು, ಮೇಲೆ ತಮ್ಮ ಸುಧಾಕರ ಮತ್ತು ಅವನ ಹೆಂಡತಿ. ಅವನು ಮುಂಬಯಿಯಲ್ಲಿ ಹೋಟೆಲ್ ನಡೆಸಿ, ಅದನ್ನು ಪಾಲುದಾರರಿಗೆ ಬಿಟ್ಟು ಊರಿಗೆ ಬಂದವನು. ತಾರಸಿಯ ಅಡಿಯ ಕೋಣೆಗಳು ಶಿವರಾತ್ರಿ ಕಳೆದ ಮೇಲೆ ಕಾವಲಿಯಂತೆ ಕಾಯುತ್ತವೆ.

"ಅಕ್ಕ, ಮೇಲೆ ಮನ್ಕಂಡ್ರೆ ಬೆನ್ನ್ ನೀರ್ದೋಸಿ ಆತ್. ಮೂರ್ ರೂಮಿಗೂ ಎಸಿ ಹಾಕ್ವ. ಮೇಲಿಂದ ಸೋಲಾರ್ ಮಾಡ್ಸುವ, ಟೆನ್ಶನ್ನೇ ಇಲ್ಲ" ಎಂದ.

ನಾನು ಬೇಡ ಎನ್ನಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಊರಿನಲ್ಲಿ ಸಿಸ್ಟರಕ್ಕ ಸೋಲಾರಿಗೆ ಅಡ್ಡ ಬಂದರು ಎಂದು ಸುದ್ದಿಯಾಯಿತು. ಸೋಲಾರ್ ಬೇಕೆಂದೇ ನನ್ನ ಮನಸ್ಸಿನಲ್ಲಿತ್ತು. ಮನೆಯ ಯಾವ ಯಂತ್ರ ಯಾವ ಹೊತ್ತಿಗೆ ಓಡುತ್ತದೆ ಎಂದು ಗಮನಿಸಿದೆ. ಪಂಪು ಮತ್ತು ಬಟ್ಟೆ ಒಗೆಯುವ ಮೆಷಿನನ್ನು ಹಗಲಿಗೇ ಹಾಕಿಕೊಂಡರೆ ಒಳ್ಳೆಯದು ಎಂದು ತೀರ್ಮಾನಿಸಿದೆ. ಪ್ಯಾನೆಲ್‌ಗಳ ಮುಖ ತೆಂಕಿಗೆ ಇರಬೇಕು, ಮೇಲೆ ಮರದ ನೆರಳು ಬೀಳಬಾರದು, ಉಪ್ಪುಗಾಳಿಗೆ ತುಕ್ಕು ಹಿಡಿಯದ ಚೌಕಟ್ಟು ಬೇಕು, ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡೆ. ಬ್ಯಾಟರಿ ಇಲ್ಲದಿದ್ದರೆ ಲೈನಿನ ಕರೆಂಟು ಹೋದಾಗ ಸೋಲಾರಿನದ್ದೂ ನಿಲ್ಲುತ್ತದೆ ಎಂಬುದು ಸುಧಾಕರನಿಗೆ ಗೊತ್ತೇ ಇರಲಿಲ್ಲ. ಅದನ್ನು ಹೇಳಿದವಳು ನಾನು.

ಈಗ ಜಲಜಳ ವಿಷಯ ಹೇಳಬೇಕು. ಅವಳ ಮನೆ ನಮ್ಮ ಬೇಲಿಯ ಆಚೆಗಿದೆ. ಹಂಚಿನ ಸಣ್ಣ ಮನೆ, ಸುತ್ತ ತೆಂಗು, ಹಿಂದೆ ಎರಡು ದೊಡ್ಡ ಹಲಸು. ಗಂಡ ಬಾಬು ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದವನು. ಬೆನ್ನಿಗೆ ಪೆಟ್ಟಾದ ಮೇಲೆ ಕಡಲಿಗೆ ಇಳಿದಿಲ್ಲ. ಹಲಸು ಬೆಳೆದು ಹಣ್ಣಾಗುವ ಮೊದಲಿನ ಕೆಲವು ವಾರ ಇಬ್ಬರೂ ಸೇರಿ ಹಪ್ಪಳ ಮಾಡುತ್ತಾರೆ. ಅವನು ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ ಸೊಳೆ ತೆಗೆಯುತ್ತಾನೆ. ಅವಳು ಬೇಯಿಸಿ, ಕಡೆದು, ಒತ್ತಿ, ಚಾಪೆಯ ಮೇಲೆ ಹರಡುತ್ತಾಳೆ. ಒಳ್ಳೆಯ ಬಿಸಿಲು ಬಿದ್ದರೆ ಅದು ಹಪ್ಪಳ, ಇಲ್ಲದಿದ್ದರೆ ಮರುದಿನಕ್ಕೆ ಬೂಷ್ಟು ಹಿಡಿದ ಹಿಟ್ಟು. ಮಳೆಗಾಲದ ಅವರ ಅನ್ನ ಆ ಚಾಪೆಗಳ ಮೇಲೆ ಒಣಗಬೇಕು. ಮನೆಯ ಅಂಗಳದಲ್ಲಿ ಒಂದು ಚಾಪೆಯಗಲ ಬಿಸಿಲೂ ಬೀಳುವುದಿಲ್ಲ.

ಅವಳು ಒಣಗಿಸುವುದು ನಮ್ಮ ತಾರಸಿಯಲ್ಲಿ. ಅದು ನಾವು ಮಾಡಿದ ಉಪಕಾರವೇನೂ ಅಲ್ಲ. ಈ ಮನೆ ಕಟ್ಟುವ ಮೊದಲು ಇಲ್ಲಿ ದೊಡ್ಡ ಅಂಗಳವಿತ್ತು. ಜಲಜಳ ತಾಯಿ ಆ ಅಂಗಳದಲ್ಲಿ ಒಣಗಿಸುತ್ತಿದ್ದರು. ನಾವು ಅಂಗಳವನ್ನು ನುಂಗಿ ಮನೆ ಕಟ್ಟಿದೆವು. ಬಿಸಿಲು ತಾರಸಿಗೆ ಹತ್ತಿತು, ಅದರ ಹಿಂದೆ ಅವರೂ ಹತ್ತಿದರು. ಅದಕ್ಕೆಂದೇ ನಮ್ಮ ತಾಯಿ ಹಟ ಹಿಡಿದು ಮೆಟ್ಟಿಲನ್ನು ಮನೆಯ ಹೊರಗಿನಿಂದ ಕಟ್ಟಿಸಿದ್ದರು. ಯಾರೂ ಯಾರನ್ನೂ ಕೇಳಿಕೊಂಡು ಹತ್ತಬೇಕಾಗಿಲ್ಲ. "ಸಿಸ್ಟರಕ್ಕ, ಕಾಕಿ ಬಂದ್ರೆ ಒಂದ್ ಹೂಯ್ ಅನ್ನಿ" ಎಂದು ಕೂಗಿ ಅವಳು ಇಳಿದು ಹೋಗುತ್ತಾಳೆ. ಕಾಗೆ ಓಡಿಸುವುದು ನನ್ನ ಪಾಲಿನ ಕೆಲಸ.

ಸೋಲಾರ್ ಕಂಪನಿಯ ಎಂಜಿನಿಯರ್ ಬೆಳಿಗ್ಗೆ ಬರುತ್ತೇನೆಂದವರು ಬಂದದ್ದು ಹೊತ್ತು ಕಂತುವಾಗ. ಕಂಪನಿಯ ಹೆಸರು ಬೇಡ, ಆ ಹೆಸರಿಗೆ ಪುಕ್ಕಟೆ ಪ್ರಚಾರ ನಾನೇಕೆ ಕೊಡಲಿ? ಜಲಜ ಆಗಲೇ ಚಾಪೆ ಸುತ್ತಿ ಹೋಗಿಯಾಗಿತ್ತು. ಅವರು ಮೇಲೆ ಹತ್ತಿ ಒಂದು ಸುತ್ತು ನೋಡಿ, ಫೋನು ತೆಗೆದು ಆಕಾಶದಿಂದ ತೆಗೆದ ನಮ್ಮ ಮನೆಯ ಚಿತ್ರ ತೋರಿಸಿದರು.

"ನೋಡಿ ಮೇಡಂ, ನಿಮ್ಮ ರೂಫ್. ಫುಲ್ ಖಾಲಿ. ಟ್ಯಾಂಕ್ ಒಂದು ಬಿಟ್ಟರೆ ಏನೂ ಇಲ್ಲ. ಇಂಥ ರೂಫ್ ಸಿಗೋದೇ ಕಷ್ಟ."

"ಇದು ಯಾವ ತಿಂಗಳ ಫೋಟೋ?" ಎಂದು ಕೇಳಿದೆ.

"ಅದೆಲ್ಲ ಗೊತ್ತಾಗಲ್ಲ ಮೇಡಂ, ಸ್ಯಾಟಲೈಟಿಂದು."

ನನಗೆ ಗೊತ್ತಾಯಿತು. ಚಿತ್ರದಲ್ಲಿ ತಾರಸಿ ಪಾಚಿ ಕಟ್ಟಿ ಕಪ್ಪಗಿತ್ತು. ಮಳೆ ಬಿಟ್ಟ ಹೊಸತರ ಚಿತ್ರ ಅದು. ಆಗ ಯಾವ ಹಲಸು, ಯಾವ ಹಪ್ಪಳ? ಆಕಾಶದವರು ನೋಡಿದ್ದು ಹಪ್ಪಳವಿಲ್ಲದ ತಿಂಗಳಲ್ಲಿ, ನೆಲದವರು ನೋಡಲು ಬಂದದ್ದು ಹಪ್ಪಳವಿಲ್ಲದ ಹೊತ್ತಿನಲ್ಲಿ. ಎರಡೂ ಸೇರಿ ನಮ್ಮ ತಾರಸಿ ಖಾಲಿ! ಇದು ಖಾಲಿ ಅಲ್ಲ, ಇಲ್ಲಿ ಬೇಸಿಗೆಯಲ್ಲಿ ಹಪ್ಪಳ ಒಣಗುತ್ತದೆ ಎಂದೆ.

"ಹಪ್ಪಳಾನಾ?" ಎಂದು ಅವರು ನಕ್ಕರು. "ಅದು ಟೆಂಪರರಿ ಐಟಂ ಮೇಡಂ. ಪ್ಲಾನಲ್ಲಿ ಟೆಂಪರರಿ ಐಟಂ ಬರಲ್ಲ."

ಟೆಂಪರರಿ! ಗೋಡೆಗಿಂತ ಹಳೆಯದು ಆ ಹಪ್ಪಳ. ನಾನು ಮುಂದೆ ಮಾತಾಡುವುದರೊಳಗೆ ಸುಧಾಕರ ನಡುವೆ ಬಂದ.

"ಅಕ್ಕ, ಅದಕ್ಕೆಂತ ಅಷ್ಟ್ ತಲೆಬಿಸಿ? ಜಲಜಂಗೆ ಒಂದ್ ಡ್ರೈಯರ್ ತೆಗ್ದ್ ಕೊಡ್ವ. ಕರೆಂಟ್ ಹ್ಯಾಂಗೂ ಪುಕ್ಸಟೆ ಬತ್ತ್ ಅಲ್ದಾ?"

ಎಂಜಿನಿಯರ್ ಇದನ್ನು ದೊಡ್ಡ ಉಪಾಯವೆಂಬಂತೆ ಮೆಚ್ಚಿ ತಲೆಯಾಡಿಸಿದರು. ಓದುವವರು ಒಮ್ಮೆ ಯೋಚಿಸಬೇಕು. ಬಿಸಿಲಿನಲ್ಲಿ ತಾನಾಗಿ ಒಣಗುತ್ತಿದ್ದ ಹಪ್ಪಳವನ್ನು ಎಬ್ಬಿಸಬೇಕು. ಆ ಬಿಸಿಲನ್ನು ಗಾಜಿನಲ್ಲಿ ಹಿಡಿದು ಕರೆಂಟು ಮಾಡಬೇಕು. ಆ ಕರೆಂಟಿನಿಂದ ಬಿಸಿಗಾಳಿ ಮಾಡಿ, ಒಂದು ಡಬ್ಬಿಯೊಳಗೆ ಅದೇ ಹಪ್ಪಳವನ್ನು ಒಣಗಿಸಬೇಕು! ಇದನ್ನು ಹೇಳುವಾಗ ಇಬ್ಬರು ಗಂಡಸರ ಮುಖದಲ್ಲಿಯೂ ನಗು ಬರಲಿಲ್ಲ. ಮಳೆಗೆ ಮುಂಚೆ ಕೆಲಸ ಮುಗಿಸುತ್ತೇವೆ, ಬರುವ ವಾರವೇ ಜನ ಕಳಿಸುತ್ತೇವೆ ಎಂದು ಹೇಳಿ ಎಂಜಿನಿಯರ್ ಇಳಿದು ಹೋದರು. ಮಳೆಗೆ ಮುಂಚೆ ಎಂದರೆ ಹಪ್ಪಳದ ನಟ್ಟ ನಡುವೆ.

ಮರುದಿನ ಬೆಳಿಗ್ಗೆ ನನ್ನ ಚಹಾ ಮುಗಿಯಿತು, ಗಿಡಗಳಿಗೆ ನೀರು ಹಾಕಿಯಾಯಿತು, ಮೆಟ್ಟಿಲಿನಲ್ಲಿ ಸದ್ದಿಲ್ಲ. ಮೇಲೆ ಹೋದೆ. ಬಿಸಿಲು ಚೆಲ್ಲಿತ್ತು, ಚಾಪೆ ಒಂದೂ ಇರಲಿಲ್ಲ. ಸುಧಾಕರನನ್ನು ಕೇಳಿದೆ.

"ನಿನ್ನೆ ಸಂಜಿಗೇ ಹೇಳ್ದೆ. ನಯದಲ್ಲೇ ಹೇಳಿದ್ ಮಾರಾಯ್ತಿ. ಈ ಸರ್ತಿ ಬೇರೆ ಎಲ್ಲಾರೂ ಜಾಗ ಕಾಣ್, ನಿಂಗೊಂದ್ ಡ್ರೈಯರ್ ತೆಗ್ದ್ ಕೊಡ್ತೆ ಅಂದೆ. ಅವ್ಳೂ 'ಅಕ್ಕ್ ಅಣ್ಣ' ಅಂದ್ಲ್."

ಅಕ್ಕ್ ಅಣ್ಣ ಎಂದಳಂತೆ! ಆಗಲಿ ಎನ್ನದೆ ಆ ಹೆಂಗಸು ಮತ್ತೆ ಏನು ಹೇಳಬೇಕಿತ್ತು?

ನಾನು ಚಪ್ಪಲಿ ಮೆಟ್ಟಿ ಅವಳ ಮನೆಗೆ ನಡೆದೆ. ಬಾಬು ಜಗಲಿಯಲ್ಲಿ ಗೋಡೆಗೆ ಒರಗಿ ಹಲಸು ಬಿಡಿಸುತ್ತಿದ್ದ.

"ಜಲಜ ಎಲ್ಲಿ?"

"ರೋಡಿಗ್ ಹೋಯ್ದ್ಲ್ ಸಿಸ್ಟರಕ್ಕ."

"ರೋಡಿಗಾ? ಎಂತಕೆ?"

ಅವನು ಎಣ್ಣೆಯ ಕೈಯನ್ನು ಮೇಲೆತ್ತಿ ತೆಂಗಿನ ಗರಿಗಳನ್ನು ತೋರಿಸಿದ. "ಇಲ್ಲಿ ಬಿಸ್ಲ್ ಎಲ್ಲಿತ್ತ್? ಹಿಟ್ಟ್ ರಾತ್ರಿಯೇ ಕಡ್ದ್ ಆಯ್ತ್. ಬಿಸಾಡುಕೆ ಆತ್ತಾ?"

ಹೆದ್ದಾರಿಯ ಸರ್ವಿಸ್ ರೋಡಿನ ಅಂಚಿನಲ್ಲಿ ಜಲಜ ಚಾಪೆ ಹಾಸಿದ್ದಳು. ಒಂದು ಬದಿಗೆ ಚರಂಡಿ, ಇನ್ನೊಂದು ಬದಿಗೆ ಬಸ್ಸು, ಲಾರಿ, ಟೋಲ್ ತಪ್ಪಿಸಿಕೊಂಡು ಒಳದಾರಿ ಹಿಡಿಯುವ ಕಾರುಗಳು. ಒಂದೊಂದು ಗಾಡಿ ಹೋದಾಗಲೂ ಹಸಿ ಹಪ್ಪಳದ ಮೇಲೆ ಧೂಳು ಕೂರುತ್ತಿತ್ತು. ತಲೆಗೆ ಟವಲು ಕಟ್ಟಿಕೊಂಡು ಅವಳು ಒಂದು ಸೊಪ್ಪಿನ ಗೆಲ್ಲಿನಿಂದ ಬೀಸುತ್ತ ಕುಳಿತಿದ್ದಳು. ವಾರ್ಡಿನಲ್ಲಿ ಹಾಸಿಗೆಯ ಅಡಿಯಲ್ಲಿ ಬೆರಳು ಸವರಿ ಧೂಳು ಹುಡುಕಿದವಳು ನಾನು.

"ಇದೆಂತ ಮಾರಾಯ್ತಿ! ಇದನ್ನ ಜನ ತಿಂಬುದ್!"

"ಸೂರ್ಯ ಎಂತ ನಿಮ್ ತಾರ್ಸಿ ಮೇಲ್ ಮಾತ್ರ ಮೂಡುದಾ ಸಿಸ್ಟರಕ್ಕ?" ಅವಳು ಮುಖ ಎತ್ತದೆಯೇ ಹೇಳಿದಳು. "ಇಲ್ಲೂ ಮೂಡ್ತ್. ಧೂಳ್ ಬಡ್ದ್ ತೆಗಿತೆ."

ಆಗಲೇ ಒಂದು ಕಾರು ಬಸ್ಸಿಗೆ ದಾರಿ ಬಿಡಲು ಬದಿಗೆ ಸರಿದು ಕೊನೆಯ ಚಾಪೆಯ ಮೇಲೆ ಹಾದುಹೋಯಿತು. "ಹ್ವಾಯ್! ಕಣ್ಣ್ ಕಾಂತಿಲ್ಯಾ?" ಎಂದು ನಾನು ಕೂಗಿದೆ. ಓಡಿಸುವವನು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ರೋಡ್ ಇಪ್ಪುದ್ ಎಂತ ಹಪ್ಳ ಒಣ್ಸುಕಾ ಅಮ್ಮ?"

ಅವನ ಮಾತು ಸರಿಯಾಗಿತ್ತು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ರಸ್ತೆ ಹಪ್ಪಳಕ್ಕಲ್ಲ. ತಾರಸಿಯೂ ಹಪ್ಪಳಕ್ಕಲ್ಲ. ಅಂಗಳವನ್ನು ನಾವು ಮೊದಲೇ ನುಂಗಿದ್ದೇವೆ. ಹಾಗಾದರೆ ಈ ಊರಿನಲ್ಲಿ ಇಷ್ಟು ಬಿಸಿಲು ಸುರಿಯುವುದು ಯಾರಿಗೆ?

ಜಲಜ ಎದ್ದು ಬಂದು ಚಕ್ರದ ಗುರುತು ಬಿದ್ದ ಹಪ್ಪಳಗಳನ್ನು ಒಂದೊಂದಾಗಿ ಎತ್ತಿದಳು. ಅತ್ತರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ.

"ಚಾಪಿ ಸುತ್ತ್. ಮನಿಗ್ ನಡಿ. ಮೇಲೆ ಹಾಕುವ" ಎಂದೆ.

"ನಿಮ್ ಮೇಲೆ ನಂಗೆ ಬೇಜಾರಿಲ್ಲೆ. ಆದ್ರೆ ಬ್ಯಾಡ ಅಂದವ್ರ್ ಬಂದ್ 'ಬಾ' ಅನ್ಕ್. ಇಲ್ದಿದ್ರೆ ನಾ ಆ ಮೆಟ್ಲ್ ಹತ್ತುದಿಲ್ಲೆ."

ಅದು ಹಟವಲ್ಲ. ನಮ್ಮಲ್ಲಿ ಮದುವೆಗೂ ಪೂಜೆಗೂ ಬಾಯಲ್ಲಿ ಕರೆದು ಹೇಳಿಕೆ ಕೊಡದೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಹೇಳಿಕೆಯೇ ಬೇಡದಿದ್ದ ಜಾಗವೊಂದಿತ್ತು. ಅದನ್ನು ನನ್ನ ತಮ್ಮ ಹೇಳಿಕೆ ಬೇಕಾಗುವ ಜಾಗ ಮಾಡಿದ್ದ.

ಕಾರು ಹರಿದ ಹಪ್ಪಳಗಳನ್ನು ನಾನು ಕೇಳಿ ತೆಗೆದುಕೊಂಡು ಬಂದೆ. ಮಧ್ಯಾಹ್ನದೊಳಗೆ ಕಿಟಕಿಯ ಹತ್ತಿರ ಒಂದಿಷ್ಟು ಒಣಗಿದವು. ಎಣ್ಣೆ ಕಾಯಿಸಿ ಕರಿದು ಸುಧಾಕರನ ಊಟದ ತಟ್ಟೆಯ ಬದಿಗೆ ಇಟ್ಟೆ. ನನ್ನ ವಾರ್ಡಿನಲ್ಲಿ ಯಾರಾದರೂ ಇಂಥದ್ದನ್ನು ರೋಗಿಯ ಮುಂದೆ ಇಟ್ಟಿದ್ದರೆ ಅವತ್ತೇ ಅವರ ಮೇಲೆ ರಿಪೋರ್ಟು ಹೋಗುತ್ತಿತ್ತು. ಹಲಸಿನ ಹಪ್ಪಳವೆಂದರೆ ಅವನಿಗೆ ಜೀವ. ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡು ಜಗಿದ. ಕರಕರ ಸದ್ದಿನ ನಡುವೆ ಹಲ್ಲಿಗೆ ಮರಳು ಸಿಕ್ಕಿದ ಬೇರೆಯೇ ಒಂದು ಸದ್ದು ಕೇಳಿಸಿತು.

"ಎಂತ ಅಕ್ಕ ಇದ್! ಹೊಯ್ಗಿ!"

"ಹೌದ್, ಹೊಯ್ಗಿ. ಸರ್ವಿಸ್ ರೋಡಿಂದ್. ಬೇರೆ ಎಲ್ಲಾರೂ ಜಾಗ ಕಾಣ್ ಅಂದ್ಯಲ್ಲ, ಅವ್ಳ್ ಕಂಡ್ಲ್."

ಅವನು ಬಾಯಿ ತೊಳೆದು ಬಂದು ಜಗಳಕ್ಕೆ ಕುಳಿತ. "ಒಂದ್ ಹಪ್ಳಕ್ಕೆ ಇಷ್ಟ್ ರಗಳೆಯಾ? ತಾರ್ಸಿ ನಮ್ದ್ ಅಲ್ದಾ?"

"ತಾರ್ಸಿ ನಮ್ದ್. ಅವ್ಳ್ ಮಳೆಗಾಲದಲ್ಲಿ ಎಂತ ತಿಂಬುದ್ ಹೇಳ್ ಕಾಂಬ."

"ಡ್ರೈಯರ್..."

"ಆ ಹೆಸ್ರ್ ಇನ್ನೊಂದ್ ಸಲ ಎತ್ತಿರೆ ನಿನ್ನನ್ನೇ ಅದ್ರೊಳಗೆ ಇಡ್ತೆ! ನೀನೂ ನಿನ್ ಹೆಂಡ್ತಿಯೂ ಮನ್ಕಂಬುದ್ ಎಷ್ಟ್ ರೂಮಲ್ಲಿ?"

"ಒಂದ್ರಲ್ಲಿ."

"ಮತ್ತೆ ಉಳ್ದ ಎರ್ಡ್ ರೂಮಲ್ಲಿ ತಂಪಾಪುದ್ ಯಾರ್? ಗೋಡೆಯಾ?"

ನಾನು ಅವನನ್ನು ತಾರಸಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಬಡಗು ಅಂಚಿನಲ್ಲಿ ಮಾತ್ರ ಪ್ಯಾನೆಲ್ ಇರಲಿ, ಮುಖ ತೆಂಕಿಗೆ. ಅವುಗಳ ನೆರಳು ಹಿಂದಕ್ಕೆ ಬೀಳುತ್ತದೆ, ಚಾಪೆಗೆ ತಾಗುವುದಿಲ್ಲ. ಉಳಿದ ಜಾಗ ಹಪ್ಪಳಕ್ಕೆ. "ಅರ್ಧಕ್ಕರ್ಧ ಕಮ್ಮಿ ಆತಲ್ಲ ಅಕ್ಕ" ಎಂದು ಅವನು ಗೊಣಗಿದ. ಅರ್ಧ ಸಾಕು ಎಂದೆ. ಒಂದು ಎಸಿ, ಪಂಪು, ಫ್ರಿಜ್ಜು. ಅದಕ್ಕಿಂತ ಹೆಚ್ಚಿನದು ಈ ಮನೆಗೆ ಬೇಕಾದದ್ದಲ್ಲ, ಕಂಪನಿಗೆ ಬೇಕಾದದ್ದು.

ಕಂಪನಿಗೆ ಫೋನು ಮಾಡಿದೆ. ಪ್ಲಾನ್ ಸಿಸ್ಟಮಿನಲ್ಲಿ ಲಾಕ್ ಆಗಿದೆ ಮೇಡಂ, ಈಗ ಬದಲಾಯಿಸಲು ಬರುವುದಿಲ್ಲ ಎಂದರು. ನನ್ನ ತಾರಸಿಗೆ ನನ್ನನ್ನು ಕೇಳದೆ ಬೀಗ ಹಾಕಿದವರು ಯಾರು? ಹಾಕಿದವರೇ ತೆಗೆಯಲಿ, ನನ್ನ ಒಪ್ಪಿಗೆ ಇಲ್ಲದೆ ಒಂದು ಬೋಲ್ಟು ಕೂಡ ಮೇಲಕ್ಕೆ ಹತ್ತುವುದಿಲ್ಲ ಎಂದೆ. "ಇನ್ನೊಮ್ಮೆ ಅಳತೆಗೆ ಬನ್ನಿ. ಬರುವುದಾದರೆ ಬೆಳಿಗ್ಗೆ, ಬಿಸಿಲು ಇರುವಾಗ ಬನ್ನಿ" ಎಂದು ಹೇಳಿ ಇಟ್ಟೆ. ಸೂರ್ಯನನ್ನು ನಂಬಿ ವ್ಯಾಪಾರ ಮಾಡುವವರು ಸೂರ್ಯ ಮುಳುಗುವ ಹೊತ್ತಿಗೆ ಬಂದು ಜಾಗ ನೋಡುವುದು ಎಂಥ ಪದ್ಧತಿ?

ಸಂಜೆ ಸುಧಾಕರ ಅಂಗಿ ಬದಲಾಯಿಸಿಕೊಂಡು ಬೇಲಿಯ ಆಚೆ ಹೋದ. ನಾನು ಹಿಂದೆ ಹೋಗಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತರೆ ಎಲ್ಲ ಕೇಳಿಸುತ್ತದೆ.

"ಎಂತ ಸುಧಾಕರಣ್ಣ, ಡ್ರೈಯರ್ ತಂದ್ರ್ಯಾ?" ಜಲಜಳ ಸ್ವರ.

"ತಮಾಷಿ ಸಾಕ್ ಮಾರಾಯ್ತಿ. ನಾಳೆಯಿಂದ ಬಾ. ಮೊದ್ಲಿನ ಹಾಂಗೇ ಬಾ."

"ಬಪ್ಪುಕೆ ಅಡ್ಡಿಲ್ಲೆ. ಇಳ್ಸ್ಕಂಡ್ ಬಂದ ಚಾಪಿ ಮತ್ತೆ ಹತ್ಸುದ್ ಯಾರ್?"

ಆಮೇಲೆ ಬಾಬು ನಕ್ಕದ್ದು ಕೇಳಿಸಿತು. ಮುಂಬಯಿಯಲ್ಲಿ ಇಡೀ ಹೋಟೆಲು ನಡೆಸಿದ ನನ್ನ ತಮ್ಮ ಎರಡು ಹೆಗಲಿಗೂ ಚಾಪೆ ಏರಿಸಿಕೊಂಡು, ಮೇಣ ಮೆತ್ತಿದ ಅಂಗಿಯಲ್ಲಿ, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದ.

ಆ ಸಲ ಮಳೆ ಬರುವ ಮೊದಲು ಜಲಜಳ ಹಪ್ಪಳ ಮುಗಿಯಿತು. ಪ್ಯಾನೆಲ್ ಬಂದದ್ದು ಮಳೆ ಪೂರ್ತಿ ಬಿಟ್ಟ ಮೇಲೆ, ಬಡಗು ಅಂಚಿಗೆ ಮಾತ್ರ. ಹಗಲಿನ ಕರೆಂಟು ಚೆನ್ನಾಗಿಯೇ ಬರುತ್ತಿದೆ. ಸುಧಾಕರ ಇವತ್ತಿಗೂ ಉಳಿದ ಎರಡು ಕೋಣೆಗಳ ಎಸಿಯ ಬಗ್ಗೆ ಗೊಣಗುತ್ತಾನೆ, ಗೊಣಗಲಿ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಷ್ಟು ತಾರಸಿಗಳಲ್ಲಿ ಮುರುಗಲ ಸಿಪ್ಪೆ, ಮೆಣಸು, ಕೊಬ್ಬರಿ, ಒಣಮೀನು, ಬಾಣಂತಿಯ ಬಟ್ಟೆ ಒಣಗುತ್ತವೆಯೋ! ಅವುಗಳ ಒಡತಿಯರನ್ನು ಒಂದು ಮಾತು ಕೇಳಬೇಕೆಂದು ಯಾವ ಕಂಪನಿಯ ಪ್ಲಾನಿನಲ್ಲಿಯೂ ಇಲ್ಲ. ಬಿಸಿಲು ಬೇಕಾದವರಿಗೆಲ್ಲ ಸಾಲುವಷ್ಟಿದೆ. ಮೊದಲು ಕೇಳಬೇಕು, ಅಷ್ಟೆ.

ಕಂಪನಿಯವರು ಎರಡನೆಯ ಸಲ ಅಳತೆಗೆ ಬಂದ ಬೆಳಿಗ್ಗೆಯನ್ನು ಹೇಳದೆ ಇದನ್ನು ಮುಗಿಸಲಾರೆ. ಎಂಜಿನಿಯರ್ ಬೂಟು ಹಾಕಿಕೊಂಡೇ ಮೆಟ್ಟಿಲು ಹತ್ತಿ, ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ತಾರಸಿಯ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ, ನಡುವೆ ಜಲಜ ಬಗ್ಗಿ ಒಂದೊಂದನ್ನೇ ಮಗುಚುತ್ತಿದ್ದಳು.

"ಹ್ವಾಯ್, ಬೂಟ್ಸ್ ತೆಗ್ದ್ ಬನ್ನಿ. ತಿಂಬು ವಸ್ತು ಇತ್ತ್ ಇಲ್ಲಿ" ಎಂದಳು.

ಅವರು ಬೂಟು ಕಳಚಿ ಒಂದು ಹೆಜ್ಜೆ ಇಟ್ಟರು. ಅಂಗಾಲು ಚುರ್ರೆಂದು ಮತ್ತೆ ನೆರಳಿಗೆ ಹಾರಿದರು. ಅಳತೆಯ ಟೇಪು ಕೈಯಲ್ಲೇ ಇತ್ತು.

"ಅಮ್ಮಾ, ಆ ಬದಿಯ ಚಾಪೆ ಸ್ವಲ್ಪ ಸರಿಸ್ತೀರಾ? ಟೇಪ್ ಹಿಡಿಯಬೇಕು."

"ಈಗ ಚಾಪಿ ಎಳ್ದ್ರೆ ಹಪ್ಳ ಮುರೀತ್. ಒಣ್ಗ್ಲಿ, ಕೂಕಣಿ."

ಅವರು ನನ್ನನ್ನು ನೋಡಿದರು. ನಾನು ಕಾಗೆ ಬಂತೇ ಎಂದು ತೆಂಗಿನ ಕಡೆ ನೋಡಿದೆ. ಬೇರೆ ದಾರಿ ಕಾಣದೆ ಮೆಟ್ಟಿಲಿನ ನೆರಳಿನಲ್ಲಿ, ಬೂಟುಗಳ ಪಕ್ಕದಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು.

"ಇನ್ನೂ ಎಷ್ಟು ಹೊತ್ತಾಗಬಹುದು ಅಮ್ಮಾ?"

"ನಂಗೆಂತ ಗೊತ್ತ್? ಮೇಲಿದ್ದವ್ನ್ ಹತ್ರ ಕೇಣಿ" ಎಂದು ಜಲಜ ಗಲ್ಲ ಎತ್ತಿ ಸೂರ್ಯನನ್ನು ತೋರಿಸಿ, ಹಪ್ಪಳ ಮಗುಚುತ್ತಲೇ ಹೇಳಿದಳು. "ನೀವೂ ಅವ್ನ್ ಕೆಲ್ಸದವ್ರೇ ಅಲ್ದಾ?"